ಬುಟ್ಟಿಯೊಳಗೆ ಒಂದು ಚೂರು ಮನೆ

ಮಕ್ಕಳೇ, ನಿಮ್ಮ ಮನೆಯಲ್ಲಿ ಬೆಕ್ಕು ಇದ್ದರೆ ಇದನ್ನು ನೀವು ನೋಡಿಯೇ ಇರುತ್ತೀರಿ. ಅಟ್ಟದ ಮೇಲಿಂದ ಮುಚ್ಚಳದ ಬುಟ್ಟಿ ಇಳಿಸುವ ಸದ್ದು ಕೇಳಿದರೆ ಸಾಕು, ಅಲ್ಲಿಯವರೆಗೆ ಕಿಟಕಿಯ ಬಳಿ ಬಿಸಿಲು ಕಾಯಿಸುತ್ತಿದ್ದ ಚಿನ್ನು ಮಾಯ! ಮಂಚದ ಕೆಳಗಿಲ್ಲ, ಬೀರುವಿನ ಮೇಲಿಲ್ಲ. ಕೊನೆಗೆ ಅಕ್ಕಿ ಡಬ್ಬದ ಹಿಂದಿನಿಂದ ಎರಡು ಕಣ್ಣು ಹೊಳೆಯುತ್ತವೆ. (ನಿಮ್ಮ ಬೆಕ್ಕಿನ ಹೆಸರು ಬೇರೆ ಇರಬಹುದು. ಈ ಮಾತುಕತೆ ಮುಗಿಯುವವರೆಗೆ ಚಿನ್ನು ಅಂತಲೇ ಕರೆಯೋಣ.) ಹುಷಾರಿಲ್ಲದ ಬೆಕ್ಕನ್ನು ಪಶುವೈದ್ಯರಿಗೆ ತೋರಿಸಬೇಕು ಅಂತ ಮನೆಯವರೆಲ್ಲ ತೀರ್ಮಾನ ಮಾಡಿ ಆಗಿದೆ, ಆದರೆ ಹೊರಡಬೇಕಾದವರೇ ನಾಪತ್ತೆ.

"ಎಂಥ ಹಟಮಾರಿ ಇದು" ಅಂತ ದೊಡ್ಡವರು ಗೊಣಗುತ್ತಾರೆ. ನನ್ನನ್ನು ಕೇಳಿದರೆ ಅದು ಹಟವೇ ಅಲ್ಲ. ಚಿನ್ನುವಿನ ಮೂಗು, ಕಿವಿ, ಎದೆ ಹೇಗೆ ಕೆಲಸ ಮಾಡುತ್ತವೆ ಅಂತ ಸ್ವಲ್ಪ ತಿಳಿದುಕೊಂಡರೆ, ಅದರ ಜಾಗದಲ್ಲಿ ನಾವಿದ್ದರೂ ಅಕ್ಕಿ ಡಬ್ಬದ ಹಿಂದೆಯೇ ಹೋಗಿ ಕೂರುತ್ತಿದ್ದೆವು ಅನ್ನಿಸುತ್ತದೆ. ಬನ್ನಿ, ಸ್ವಲ್ಪ ಹೊತ್ತು ಬೆಕ್ಕಾಗಿ ನೋಡೋಣ.

ಮೊದಲು ಚಿನ್ನುವಿನ ಮುತ್ತಜ್ಜನ ಮುತ್ತಜ್ಜಂದಿರ ಸುದ್ದಿ. ಮನೆಬೆಕ್ಕುಗಳ ಪೂರ್ವಜ ಆಫ್ರಿಕದ ಕಾಡುಬೆಕ್ಕು. ಆಫ್ರಿಕ ಮತ್ತು ಪಶ್ಚಿಮ ಏಷ್ಯಾದಲ್ಲಿ ಈಗಲೂ ಓಡಾಡಿಕೊಂಡಿರುವ, ಮರಳು ಬಣ್ಣದ ಪ್ರಾಣಿ ಅದು. ಜನ ಬೇಸಾಯ ಕಲಿತು ಕಾಳು ಕೂಡಿಡತೊಡಗಿದರು. ಕಾಳಿಗೆ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಒಂದು ಸಮಾಧಿ ಸಿಕ್ಕಿದೆ. ಅದರಲ್ಲಿ ಮನುಷ್ಯನ ಎಲುಬುಗಳ ಹತ್ತಿರವೇ ಒಂದು ಬೆಕ್ಕಿನ ಎಲುಬುಗಳೂ ಇದ್ದವು. ಆ ದ್ವೀಪದಲ್ಲಿ ಮೊದಲಿಗೆ ಬೆಕ್ಕುಗಳೇ ಇರಲಿಲ್ಲವಂತೆ. ಅಂದರೆ ಯಾರೋ ದೋಣಿಯಲ್ಲಿ ಕೂರಿಸಿಕೊಂಡೇ ಕರೆದೊಯ್ದಿರಬೇಕು. ಬೆಕ್ಕನ್ನು ದೋಣಿ ಹತ್ತಿಸಿದ ಆ ಪುಣ್ಯಾತ್ಮರು ಅದನ್ನು ಹೇಗೆ ಹಿಡಿದರೋ, ಕೈಯೆಲ್ಲ ಎಷ್ಟು ಪರಚಿಸಿಕೊಂಡರೋ!

ನಾಯಿಗಳ ಪೂರ್ವಜರಾದ ತೋಳಗಳು ಗುಂಪು ಕಟ್ಟಿಕೊಂಡು ಬೇಟೆಯಾಡುತ್ತವೆ. ಕಾಡುಬೆಕ್ಕು ಒಂಟಿ. ಕಾಲು ನೋಯುತ್ತದೆ ಅಂತ ಮಲಗಿದರೆ ಊಟ ತಂದುಕೊಡುವವರು ಯಾರೂ ಇಲ್ಲ. ಅದೂ ಅಲ್ಲದೆ, ಇಲಿಯ ಪಾಲಿಗೆ ಯಮನಾದ ಈ ಪ್ರಾಣಿಯನ್ನು ತಿನ್ನುವ ಇನ್ನೂ ದೊಡ್ಡ ಪ್ರಾಣಿಗಳಿವೆ. ಯಾವುದು ಕುಂಟುತ್ತಿದೆ, ಯಾವುದು ಸೊರಗಿದೆ ಅಂತ ಅವು ನೋಡುತ್ತಲೇ ಇರುತ್ತವೆ. ಹಾಗಾಗಿ ನೋವನ್ನು ತೋರಿಸಿಕೊಳ್ಳದ ಬೆಕ್ಕುಗಳೇ ಹೆಚ್ಚು ಕಾಲ ಬದುಕಿದವು, ಹೆಚ್ಚು ಮರಿ ಹಾಕಿದವು. ಆ ಗುಣ ಸಾವಿರಾರು ತಲೆಮಾರು ದಾಟಿ ಚಿನ್ನುವಿನವರೆಗೂ ಬಂದಿದೆ. ಜ್ವರ ಬಂದರೆ ನಾವು ಅಮ್ಮನ ಮಡಿಲಿಗೆ ಹೋಗುತ್ತೇವೆ, ಅದು ಮೂಲೆಗೆ ಹೋಗುತ್ತದೆ.

ಹಾಗಾದರೆ ಅದಕ್ಕೆ ಹುಷಾರಿಲ್ಲ ಅಂತ ಗೊತ್ತಾಗುವುದು ಹೇಗೆ? ಈ ಪತ್ತೇದಾರಿಕೆಯಲ್ಲಿ ದೊಡ್ಡವರಿಗಿಂತ ನೀವೇ ಮುಂದು, ಯಾಕೆಂದರೆ ಮನೆಯಲ್ಲಿ ನೆಲದ ಮೇಲೆ ಕೂತು ಹೆಚ್ಚು ಹೊತ್ತು ಕಳೆಯುವವರು ನೀವು ಮತ್ತು ಬೆಕ್ಕು. ದಿನಾ ನೆಕ್ಕಿ ನುಣುಪಾಗಿಡುತ್ತಿದ್ದ ಮೈಗೂದಲು ಗಂಟು ಕಟ್ಟಿದೆಯೇ? ಒಂದೇ ನೆಗೆತಕ್ಕೆ ಅಡುಗೆಕಟ್ಟೆ ಹತ್ತುತ್ತಿದ್ದದ್ದು ಈಗ ಮೊದಲು ಕುರ್ಚಿ, ಆಮೇಲೆ ಕಟ್ಟೆ ಅಂತ ಹತ್ತುತ್ತಿದೆಯೇ? ಮೀನು ಹುರಿಯುವ ವಾಸನೆ ಬಂದರೂ ಎದ್ದು ಬರಲಿಲ್ಲವೇ? ನೀರಿನ ಬಟ್ಟಲು ಎಂದಿಗಿಂತ ಬೇಗ ಖಾಲಿಯಾಗುತ್ತಿದೆಯೇ? ಕಣ್ಣಿನ ಒಳಮೂಲೆಯಿಂದ ತೆಳುವಾದ ಬಿಳಿಪೊರೆ ಮೇಲೆ ಬಂದಿದೆಯೇ? ಅದು ಬೆಕ್ಕಿನ ಮೂರನೆಯ ರೆಪ್ಪೆ. ಆರೋಗ್ಯವಾಗಿದ್ದು ಎಚ್ಚರವಾಗಿರುವಾಗ ಅದು ಕಣ್ಣಿನ ಮೂಲೆಯಲ್ಲೇ ಅಡಗಿರುತ್ತದೆ.

ಗುರುಗುರು ಅನ್ನುತ್ತಿದೆಯಲ್ಲ, ಸುಖವಾಗಿದೆ ಅಂತ ಅಂದುಕೊಳ್ಳಬೇಡಿ. ಸಂತೋಷವಾದಾಗ ಗುರುಗುಟ್ಟುವ ಬೆಕ್ಕು ನೋವಿನಲ್ಲೂ ಭಯದಲ್ಲೂ ಗುರುಗುಟ್ಟುತ್ತದೆ. ಸದ್ದಿಗಿಂತ ಮುಖ ನೋಡುವುದು ವಾಸಿ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರು 2019ರಲ್ಲಿ ಬೆಕ್ಕಿನ ಮುಖ ಓದುವ ಒಂದು ಕ್ರಮವನ್ನೇ ಪ್ರಕಟಿಸಿದರು. ಅವರು ನೋಡುವುದು ಐದು ಸಂಗತಿ. ಕಿವಿಗಳು ಹೊರಕ್ಕೆ ತಿರುಗಿ ಚಪ್ಪಟೆಯಾಗಿವೆಯೇ, ಕಣ್ಣು ಕಿರಿದಾಗಿ ಬಿಗಿದಿವೆಯೇ, ಮೂತಿ ಬಿಗಿಯಾಗಿದೆಯೇ, ಮೀಸೆ ನೆಟ್ಟಗೆ ನಿಂತಿದೆಯೇ, ತಲೆ ಭುಜಕ್ಕಿಂತ ಕೆಳಗೆ ಜೋತಿದೆಯೇ. ಒಂದೊಂದಕ್ಕೂ 0, 1 ಅಥವಾ 2 ಅಂಕ. ಒಟ್ಟು ಹತ್ತಕ್ಕೆ ನಾಲ್ಕು ಅಥವಾ ಹೆಚ್ಚು ಬಂದರೆ ನೋವಿಗೆ ಔಷಧಿ ಬೇಕು ಅಂತ ಲೆಕ್ಕ. ಶಾಲೆಯಲ್ಲಿ ಹೆಚ್ಚು ಅಂಕ ಬಂದರೆ ಸಂತೋಷ, ಇಲ್ಲಿ ಸೊನ್ನೆ ಬಂದರೆ ಸಂತೋಷ.

ಉಸಿರನ್ನೂ ಎಣಿಸಬಹುದು. ಇದು ಚಿನ್ನು ಹುಷಾರಾಗಿರುವಾಗಲೇ ಮಾಡಿ ನೋಡಬಹುದಾದ ಪ್ರಯೋಗ. ಅದು ಗಾಢ ನಿದ್ದೆಯಲ್ಲಿರುವಾಗ ಮುಟ್ಟದೆ ಪಕ್ಕದಲ್ಲಿ ಕೂತು ಪಕ್ಕೆ ನೋಡಿ. ಒಮ್ಮೆ ಉಬ್ಬಿ ಇಳಿದರೆ ಒಂದು ಉಸಿರು. ಗಡಿಯಾರ ನೋಡಿಕೊಂಡು ಅರ್ಧ ನಿಮಿಷ ಎಣಿಸಿ, ಎರಡರಿಂದ ಗುಣಿಸಿ. ಆರೋಗ್ಯವಾದ ಬೆಕ್ಕು ಮಲಗಿದ್ದಾಗ ಸಾಮಾನ್ಯವಾಗಿ 30ಕ್ಕಿಂತ ಕಡಿಮೆ ಬರುತ್ತದೆ. ಆ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ, ಕಾಯಿಲೆಯ ದಿನ ಹೋಲಿಸಿ ನೋಡಬಹುದು.

ಕೆಲವು ಗುರುತುಗಳು ಕಂಡರೆ ನಾಳೆ ನೋಡೋಣ ಅನ್ನುವ ಹಾಗಿಲ್ಲ. ಬೆಕ್ಕು ಬಾಯಿ ತೆರೆದು ಉಸಿರಾಡುತ್ತಿದ್ದರೆ ಆಗಲೇ ಹೊರಡಬೇಕು. ಗಂಡು ಬೆಕ್ಕು ಮತ್ತೆ ಮತ್ತೆ ಉಚ್ಚೆಗೆ ಕೂತು ತಿಣುಕಿ, ಒಂದು ಹನಿಯೂ ಬಾರದೆ ಎದ್ದು ಬರುತ್ತಿದ್ದರೂ ಹಾಗೆಯೇ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಪೂರ. ಅದು ಕಟ್ಟಿಕೊಂಡರೆ ಹೊರಗೆ ಹೋಗಬೇಕಾದ ವಿಷ ರಕ್ತದಲ್ಲೇ ಉಳಿದು, ಒಂದೆರಡು ದಿನದಲ್ಲಿ ಪ್ರಾಣಕ್ಕೇ ಕುತ್ತು. ಒಂದಿಡೀ ದಿನ ಏನೂ ತಿನ್ನದಿದ್ದರೂ ಅಸಡ್ಡೆ ಬೇಡ. ಊಟ ನಿಂತಾಗ ಬೆಕ್ಕಿನ ಮೈಯಲ್ಲಿರುವ ಕೊಬ್ಬು ಕರಗಿ ಯಕೃತ್ತಿಗೆ ಹರಿದು ಬರುತ್ತದೆ. ಅಷ್ಟೊಂದು ಕೊಬ್ಬನ್ನು ನಿಭಾಯಿಸಲಾಗದೆ ಯಕೃತ್ತು ಕೈಚೆಲ್ಲುತ್ತದೆ. ದಪ್ಪ ಬೆಕ್ಕುಗಳಿಗೆ ಇದರ ಅಪಾಯ ಇನ್ನೂ ಹೆಚ್ಚು.

ಇನ್ನೊಂದು ಮಾತನ್ನು ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ನಮಗೆ ಜ್ವರ ಬಂದಾಗ ನುಂಗುವ ಪ್ಯಾರಾಸಿಟಮಾಲ್ ಮಾತ್ರೆಯನ್ನು, ಅದರ ಚೂರನ್ನೂ, ಬೆಕ್ಕಿಗೆ ಕೊಡಬಾರದು. ಆ ಔಷಧಿಯನ್ನು ಮುರಿದು ಹೊರಹಾಕುವ ಒಂದು ಕಿಣ್ವ ನಮ್ಮ ಯಕೃತ್ತಿನಲ್ಲಿದೆ. ಬೆಕ್ಕಿನಲ್ಲಿ ಅದು ಸರಿಯಾಗಿ ಇಲ್ಲ. ಹೊರಹೋಗದೆ ಉಳಿದ ಔಷಧಿ ವಿಷವಾಗಿ, ಆಮ್ಲಜನಕ ಹೊರುವ ಕೆಂಪು ರಕ್ತಕಣಗಳನ್ನೇ ಕೆಡಿಸುತ್ತದೆ. ಮನೆಮದ್ದಿನ ಉತ್ಸಾಹದಲ್ಲಿ ಯಾರಾದರೂ ಮಾತ್ರೆ ಮುರಿಯಲು ಹೊರಟರೆ, ದೊಡ್ಡವರಾದರೂ ಸರಿ, ತಡೆಯಿರಿ.

ಈಗ ಬುಟ್ಟಿಯ ವಿಷಯಕ್ಕೆ ಬರೋಣ. ಚಿನ್ನು ನಿಮ್ಮ ಕಾಲಿಗೆ, ಬಾಗಿಲ ಚೌಕಟ್ಟಿಗೆ, ಕುರ್ಚಿಗೆ ಕೆನ್ನೆ ಉಜ್ಜುವುದನ್ನು ನೋಡಿದ್ದೀರಲ್ಲ? ಕೆನ್ನೆ, ಹಣೆ, ಗಲ್ಲ, ಪಾದಗಳಲ್ಲೆಲ್ಲ ಬೆಕ್ಕಿಗೆ ವಾಸನೆ ಸೂಸುವ ಪುಟ್ಟ ಗ್ರಂಥಿಗಳಿವೆ. ಶಾಲೆ ಶುರುವಾದಾಗ ನೀವು ಪುಸ್ತಕಗಳಿಗೆಲ್ಲ ರಟ್ಟು ಹಾಕಿ, ಲೇಬಲ್ ಅಂಟಿಸಿ, ಹೆಸರು ಬರೆಯುತ್ತೀರಿ. ಚಿನ್ನು ಬರೆಯುವುದು ಕೆನ್ನೆಯಿಂದ. ಕುರ್ಚಿಯ ಕಾಲಿನ ಮೇಲೆ ಅದರ ಹೆಸರಿದೆ, ಬಾಗಿಲ ಮೇಲಿದೆ, ನಿಮ್ಮ ಮೇಲೂ ಇದೆ. ಆ ಲೇಬಲ್ ನಮಗೆ ಕಾಣುವುದಿಲ್ಲ, ನಮ್ಮ ಮೂಗಿಗೆ ಸಿಕ್ಕುವುದೂ ಇಲ್ಲ. ಬೆಕ್ಕಿಗಾದರೆ ಮೂಗಿನ ಜೊತೆಗೆ ಬಾಯಿಯ ಅಂಗಳದ ಮೇಲೆ ವಾಸನೆ ಹಿಡಿಯುವ ಇನ್ನೊಂದು ಅಂಗವಿದೆ, ಜೇಕಬ್‌ಸನ್ ಅಂಗ ಅಂತ ಹೆಸರು. ಏನನ್ನೋ ಮೂಸಿದ ಮೇಲೆ ಬೆಕ್ಕು ಬಾಯಿ ಅರೆತೆರೆದು ಪೆಚ್ಚಾಗಿ ನಿಲ್ಲುತ್ತದೆ ನೋಡಿ, ಆಗ ಅದು ಆ ಅಂಗಕ್ಕೆ ವಾಸನೆ ಮುಟ್ಟಿಸುತ್ತಿರುತ್ತದೆ.

ಈಗ ಕಣ್ಣು ಮುಚ್ಚಿ ಚಿನ್ನು ಆಗಿ. ಅಟ್ಟದಿಂದ ಇಳಿದ ಬುಟ್ಟಿಯಲ್ಲಿ ನಿಮ್ಮ ಹೆಸರಿನ ಒಂದೂ ಲೇಬಲ್ ಇಲ್ಲ. ಅಲ್ಲಿರುವುದು ಧೂಳು, ಜೊತೆಗೆ ಹೋದ ಸಲ ಆಸ್ಪತ್ರೆಯಲ್ಲಿ ಹತ್ತಿದ ಸ್ಪಿರಿಟ್ ವಾಸನೆ, ಯಾವುದೋ ನಾಯಿಯ ವಾಸನೆ. ಹೆದರಿದಾಗ ನೀವೇ ಅದರೊಳಗೆ ಬಿಟ್ಟ ವಾಸನೆಯೂ ಇದೆ. ಬುಟ್ಟಿ ಮೇಲೇಳುತ್ತದೆ, ನೆಲ ಓಲಾಡುತ್ತದೆ. ಹೊರಗೆ ಆಟೋ ಕಿರುಗುಡುತ್ತದೆ. ನಮ್ಮ ಕಿವಿ ಕೇಳುವುದು ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಸದ್ದನ್ನು. ಬೆಕ್ಕಿನ ಕಿವಿ 60,000ವನ್ನೂ ದಾಟುತ್ತದೆ. ಇಲಿಮರಿಗಳ ಅತಿ ಸಣ್ಣ ಚೀರಾಟ ಕೇಳಲೆಂದೇ ಹದವಾದ ಕಿವಿಗಳವು. ಕೀಲಿಕೈ ಗೊಂಚಲು ಅಲುಗಿದರೂ ನಮಗೆ ಕೇಳದಷ್ಟು ಸದ್ದು ಅದಕ್ಕೆ ಕೇಳುತ್ತದೆ. ಪೇಟೆಯ ನಡುವೆ ಅದರ ಪಾಡು ಹೇಗಿರಬೇಡ!

ಹೆದರಿಕೆ ಮನಸ್ಸಿನಲ್ಲಿ ಮಾತ್ರ ಇರುವುದಿಲ್ಲ, ಮೈಗೆಲ್ಲ ಹರಡುತ್ತದೆ. ಮೂತ್ರಪಿಂಡಗಳ ಮೇಲೆ ಕೂತಿರುವ ಎರಡು ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಅನ್ನುವ ರಸವನ್ನು ರಕ್ತಕ್ಕೆ ಬಿಡುತ್ತವೆ. ಓಡು ಅಥವಾ ಹೋರಾಡು ಅನ್ನುವುದೇ ಅದರ ಸಂದೇಶ. ಕಣ್ಣಿನ ಪಾಪೆ ಅಗಲವಾಗಿ ಕಣ್ಣೆಲ್ಲ ಕಪ್ಪಾಗಿ ಕಾಣುತ್ತದೆ. ಎದೆ ಡವಡವ ಹೊಡೆದುಕೊಳ್ಳುತ್ತದೆ, ರಕ್ತದೊತ್ತಡ ಏರುತ್ತದೆ. ಪಾದದ ಮೆತ್ತೆಗಳು ಬೆವರುತ್ತವೆ. ಆಸ್ಪತ್ರೆಯ ಸ್ಟೀಲ್ ಮೇಜಿನ ಮೇಲೆ ಬೆಕ್ಕಿನ ಒದ್ದೆ ಹೆಜ್ಜೆಗುರುತು ಕಂಡರೆ ಅದು ನೀರಿನಲ್ಲಿ ಕಾಲಿಟ್ಟಿದ್ದಲ್ಲ, ಬೆವರು.

ಇಲ್ಲೊಂದು ತಮಾಷೆಯ ತೊಡಕಿದೆ. ಓಡಲು ಶಕ್ತಿ ಬೇಕಲ್ಲ, ಅದಕ್ಕಾಗಿ ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತದೆ. ಆಗ ರಕ್ತ ತೆಗೆದು ನೋಡಿದರೆ ಸಕ್ಕರೆ ಕಾಯಿಲೆ ಇದ್ದಂತೆ ಕಾಣಬಹುದು. ಹೆದರಿದ ಬೆಕ್ಕು ಅಂಕಿಗಳಲ್ಲಿ ಸುಳ್ಳು ಹೇಳಿದ ಹಾಗಾಯಿತು. ಅನುಮಾನ ಬಂದಾಗ ಪಶುವೈದ್ಯರು ಹಿಂದಿನ ಒಂದೆರಡು ವಾರಗಳ ಸಕ್ಕರೆಯ ಸರಾಸರಿ ಹೇಳುವ ಬೇರೆ ರಕ್ತಪರೀಕ್ಷೆ ಮಾಡಿಸುತ್ತಾರೆ. ಹಾಗಾಗಿ ಚಿನ್ನುವನ್ನು ಹೆದರಿಸದೆ ಕರೆದೊಯ್ಯುವುದು ಬರಿಯ ಮುದ್ದಿನ ಮಾತಲ್ಲ, ಕಾಯಿಲೆ ಸರಿಯಾಗಿ ತಿಳಿಯಲೂ ಅದು ಬೇಕು.

ಹೇಗೆ ಅಂತ ಕೇಳುತ್ತೀರಾ? ಬುಟ್ಟಿಯ ಮೇಲೆ ಚಿನ್ನುವಿನ ಹೆಸರು ಬರೆಸಬೇಕು. ಬರೆಯುವವರು ನಾವಲ್ಲ, ಅದೇ ಬರೆಯಬೇಕು. ಬುಟ್ಟಿ ಅಟ್ಟದಲ್ಲಿರುವುದು ಬೇಡ, ಪಡಸಾಲೆಯ ಮೂಲೆಯಲ್ಲಿ ದಿನಾ ಇರಲಿ. ಮುಚ್ಚಳ ತೆಗೆದು, ಚಿನ್ನು ಮಲಗುವ ಹಳೆಯ ಸೀರೆಯ ತುಂಡನ್ನು ಒಗೆಯದೆ ಒಳಗೆ ಹಾಸಿ. ಅದರ ಊಟದ ತಟ್ಟೆಯನ್ನು ಮೊದಲು ಬುಟ್ಟಿಯ ಪಕ್ಕ, ಆಮೇಲೆ ಅಂಚಿಗೆ, ಆಮೇಲೆ ಒಳಗೆ ಇಡಿ. ಒಂದು ಮಧ್ಯಾಹ್ನ ಅದೇ ಒಳಗೆ ಹೋಗಿ ಸುರುಳಿ ಸುತ್ತಿ ಮಲಗಿರುತ್ತದೆ. ಅಂದಿನಿಂದ ಅದು ಬುಟ್ಟಿಯಲ್ಲ, ಮನೆಯ ಒಂದು ಚೂರು. ಮುಚ್ಚಳ ಹಾಕುವುದು, ಎತ್ತುವುದು, ಅಂಗಳದವರೆಗೆ ಹೋಗಿ ಬರುವುದು, ಇವೆಲ್ಲ ಆಮೇಲಿನ ಪಾಠ.

ಇದು ನನ್ನ ಕಲ್ಪನೆಯಲ್ಲ. ಆಸ್ಟ್ರಿಯಾದ ವಿಯೆನ್ನಾದಲ್ಲಿ ಸಂಶೋಧಕರು 22 ಬೆಕ್ಕುಗಳನ್ನು ತೆಗೆದುಕೊಂಡು, ಅರ್ಧದಷ್ಟಕ್ಕೆ ಕೆಲವು ವಾರ ಹೀಗೆಯೇ ಸ್ವಲ್ಪ ಸ್ವಲ್ಪವಾಗಿ ಬುಟ್ಟಿಯ ಪಾಠ ಮಾಡಿದರು. ಉಳಿದವಕ್ಕೆ ಮಾಡಲಿಲ್ಲ. ಆಮೇಲೆ ಎಲ್ಲವನ್ನೂ ಕಾರಿನಲ್ಲಿ ಕೂರಿಸಿ ಪರೀಕ್ಷೆಗೆ ಕರೆದೊಯ್ದರು. ಪಾಠ ಕಲಿತವು ದಾರಿಯಲ್ಲಿ ಕಡಿಮೆ ಹೆದರಿದವು, ಅವುಗಳ ತಪಾಸಣೆಯೂ ಬೇಗ ಮುಗಿಯಿತು. 2018ರಲ್ಲಿ ಅದನ್ನು ಪ್ರಕಟಿಸಿದರು. ಅದಕ್ಕೂ ಮೊದಲು, 2014ರಲ್ಲಿ, ನೆದರ್‌ಲ್ಯಾಂಡ್ಸ್‌ನ ಒಂದು ಪ್ರಾಣಿಧಾಮದಲ್ಲಿ ಹೊಸದಾಗಿ ಬಂದ ಬೆಕ್ಕುಗಳಲ್ಲಿ ಕೆಲವಕ್ಕೆ ಮಾತ್ರ ಅಡಗಿ ಕೂರಲು ಪೆಟ್ಟಿಗೆ ಕೊಟ್ಟು ನೋಡಿದ್ದರು. ಪೆಟ್ಟಿಗೆ ಸಿಕ್ಕವು ಹೊಸ ಜಾಗಕ್ಕೆ ಬೇಗ ಹೊಂದಿಕೊಂಡವು. ಅಡಗಲು ಜಾಗ ಸಿಕ್ಕರೆ ಬೆಕ್ಕಿಗೆ ಅರ್ಧ ಧೈರ್ಯ ಬರುತ್ತದೆ. ಬುಟ್ಟಿಯೂ ಅಂಥ ಜಾಗವಾಗಬಹುದು.

"ಅದೆಲ್ಲ ಸರಿ, ಇವತ್ತೇ ಹುಷಾರಿಲ್ಲವಲ್ಲ, ವಾರಗಟ್ಟಲೆ ಪಾಠ ಮಾಡುತ್ತಾ ಕೂರಲು ಆಗುತ್ತದೆಯೇ?" ಅಂತ ನೀವು ಕೇಳಿದರೆ ಅದೂ ನ್ಯಾಯವೇ. ಹಾಗಾದರೆ ಮೊದಲು ಬೆಕ್ಕು, ಆಮೇಲೆ ಬುಟ್ಟಿ. ಬುಟ್ಟಿ ಕಣ್ಣಿಗೆ ಬೀಳುವ ಮೊದಲೇ ಚಿನ್ನುವನ್ನು ಅಡಗಲು ಸಂದಿಯಿಲ್ಲದ ಒಂದು ಸಣ್ಣ ಕೋಣೆಗೆ ಕರೆದು ಬಾಗಿಲು, ಕಿಟಕಿ ಮುಚ್ಚಿ. ಮನೆ ತುಂಬ ಅಟ್ಟಾಡಿಸಿದರೆ ಹಿಡಿಯುವ ಹೊತ್ತಿಗೆ ಅಡ್ರಿನಲಿನ್ ಉಕ್ಕಿ ಹರಿದಿರುತ್ತದೆ. ಮನೆಯವರು ಒಬ್ಬರೇ ಒಳಗಿರಲಿ, ಗಲಾಟೆ ಬೇಡ.

ಹಿಡಿಯುವ ಕೆಲಸ ದೊಡ್ಡವರದು. ನೋವಿನಲ್ಲಿರುವ ಬೆಕ್ಕು ಅಕ್ಕರೆಯ ಕೈಯನ್ನೂ ಕಚ್ಚಬಹುದು. ದಪ್ಪ ಟವೆಲನ್ನು ಮೇಲೆ ಹೊದಿಸಿ, ಕಾಲುಗಳೂ ಒಳಗೆ ಬರುವಂತೆ ಸುತ್ತಿ, ಎದೆಗೊಂದು ಕೈ ಹಿಂಭಾಗಕ್ಕೊಂದು ಕೈ ಕೊಟ್ಟು ಎತ್ತಬೇಕು. ಬುಟ್ಟಿಯ ಬಾಯಿ ಮೇಲಕ್ಕಿದ್ದರೆ ಟವೆಲ್ ಸಮೇತ ಮೆಲ್ಲಗೆ ಇಳಿಸಿದರಾಯಿತು. ಬಾಗಿಲು ಪಕ್ಕದಲ್ಲಿದ್ದರೆ ಬಾಲದ ಕಡೆಯಿಂದ ಒಳಗೆ ಬಿಡುವುದು ಜಾಣತನ, ಯಾಕೆಂದರೆ ಎಲ್ಲಿಗೆ ಹೋಗುತ್ತಿದ್ದೇನೆ ಅಂತ ಅದಕ್ಕೆ ಕಾಣುವುದಿಲ್ಲ. ಕತ್ತಿನ ಚರ್ಮ ಹಿಡಿದು ಎತ್ತುವುದು ಬೇಡ. ತಾಯಿ ಬೆಕ್ಕು ಮರಿಗಳನ್ನು ಹಾಗೆ ಕಚ್ಚಿ ಒಯ್ಯುವುದು ನಿಜ, ಆದರೆ ಅವು ಅಂಗೈ ತುಂಬುವಷ್ಟು ಮರಿಗಳು. ಬೆಳೆದ ಬೆಕ್ಕಿಗೆ ಅದು ನೋವು, ದಿಗಿಲು. ಕಚ್ಚಿದರೆ, ಪರಚಿದರೆ ಮುಚ್ಚಿಡಬೇಡಿ. ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ನಮ್ಮ ಡಾಕ್ಟರ ಬಳಿಗೂ ಹೋಗಬೇಕು. ಬೆಕ್ಕಿನಿಂದಲೂ ರೇಬೀಸ್ ಬರಬಹುದು.

ಗೋಣಿಚೀಲದಲ್ಲಿ ಹಾಕಿ ಬಾಯಿ ಕಟ್ಟುವ ರೂಢಿ ನಮ್ಮ ಕಡೆ ಇನ್ನೂ ಇದೆ. ಕಾಟ ಕೊಡುವ ಬೆಕ್ಕನ್ನು ಹೊಳೆ ದಾಟಿಸಿ ಬಿಟ್ಟುಬರುವ ಕಾಲದ ಉಪಾಯ ಅದು. ಚೀಲದಲ್ಲಿ ಬೆಕ್ಕಿಗೆ ಕಾಲೂರಲು ನೆಲವಿಲ್ಲ, ಗಾಳಿಯೂ ಸಾಲದು. ಕಾಯಿಲೆಯ ಬೆಕ್ಕಿಗಂತೂ ಬೇಡವೇ ಬೇಡ. ಅಂಗಡಿಯ ಬುಟ್ಟಿ ಇಲ್ಲದಿದ್ದರೆ, ಗಾಳಿಯಾಡಲು ತೂತುಗಳಿರುವ ಗಟ್ಟಿ ಪ್ಲಾಸ್ಟಿಕ್ ಬುಟ್ಟಿಯ ಮೇಲೆ ಅಂಥದೇ ಇನ್ನೊಂದನ್ನು ಬೋರಲು ಹಾಕಿ ಬಿಗಿಯಾಗಿ ಕಟ್ಟಿದರೂ ನಡೆಯುತ್ತದೆ.

ಹೊರಡುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ, ನಾಯಿಗಳು ಕಡಿಮೆ ಇರುವ ಹೊತ್ತು ಯಾವುದು ಅಂತ ಕೇಳಿ. ಬಹಳ ಹೆದರುವ ಬೆಕ್ಕಾದರೆ, ಮನೆಯಲ್ಲೇ ಕೊಟ್ಟು ಹೊರಡುವಂಥ ಔಷಧಿಯನ್ನು ಪಶುವೈದ್ಯರೇ ಹೇಳುವುದುಂಟು. ಬೆಂಗಳೂರಿನ ಹೆಬ್ಬಾಳದಲ್ಲಿ, ಬೀದರ್, ಶಿವಮೊಗ್ಗ, ಹಾಸನಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ತಾಲ್ಲೂಕುಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ, ಅಲ್ಲಿ ಎಮ್ಮೆ ಆಕಳುಗಳ ನಡುವೆ ಚಿನ್ನುವಿನ ಸರದಿ ಬರಬೇಕು.

ದಾರಿಯಲ್ಲಿ ಬುಟ್ಟಿಯ ಮೇಲೆ ತೆಳುವಾದ ಬಟ್ಟೆ ಹೊದಿಸಿ. ಕಾಣುವುದು ಕಡಿಮೆಯಾದರೆ ದಿಗಿಲೂ ಕಡಿಮೆಯಾಗುತ್ತದೆ. ಹಿಡಿಕೆ ಹಿಡಿದು ತೂಗಾಡಿಸಬೇಡಿ, ತಳಕ್ಕೆ ಎರಡು ಕೈ ಕೊಟ್ಟು ಮಟ್ಟವಾಗಿ ಹಿಡಿಯಿರಿ. ಎಷ್ಟೇ ದೀನವಾಗಿ ಕೂಗಿದರೂ ಆಟೋದಲ್ಲಿ ಮುಚ್ಚಳ ತೆಗೆಯಬೇಡಿ. ಆಸ್ಪತ್ರೆಯಲ್ಲಿ ಬುಟ್ಟಿಯನ್ನು ನೆಲಕ್ಕಿಡದೆ ಕುರ್ಚಿಯ ಮೇಲಿಡಿ. ಎತ್ತರದಲ್ಲಿದ್ದರೆ ಬೆಕ್ಕಿಗೆ ಸಮಾಧಾನ, ನಾಯಿಗಳ ಮೂಗೂ ಸುಲಭವಾಗಿ ಮುಟ್ಟುವುದಿಲ್ಲ.

ಡಾಕ್ಟರಿಗೆ ಹೇಳಬೇಕಾದದ್ದನ್ನು ನೀವೇ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಯಾವಾಗಿನಿಂದ ತಿಂದಿಲ್ಲ, ಎಷ್ಟು ಸಲ ವಾಂತಿ, ನಿದ್ದೆಯಲ್ಲಿ ಎಣಿಸಿದ ಉಸಿರೆಷ್ಟು. ಮನೆಯಲ್ಲಿ ಅದು ಕುಂಟುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಂಡರೆ ಇನ್ನೂ ಒಳ್ಳೆಯದು, ಯಾಕೆಂದರೆ ಆಸ್ಪತ್ರೆಯ ಮೇಜಿನ ಮೇಲೆ ಅದು ಖಂಡಿತ ಕುಂಟಿ ತೋರಿಸುವುದಿಲ್ಲ. ಮುಚ್ಚಳ ಕಳಚಿ, ಬುಟ್ಟಿಯ ಅರ್ಧದಲ್ಲೇ ಅದು ಕೂತಿರುವಾಗ ಪರೀಕ್ಷೆ ಮಾಡಬಹುದೇ ಅಂತ ಡಾಕ್ಟರನ್ನು ಕೇಳಿ ನೋಡಿ. ಜ್ವರದ ಕಡ್ಡಿ 101.5 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು ಅಂತ ಗಾಬರಿಯಾಗಬೇಡಿ. ನಮಗಾದರೆ ಅದು ಜ್ವರ, ಬೆಕ್ಕಿಗೆ ಅದು ಸರಿಯಾದ ಬಿಸಿ.

ಮನೆಗೆ ಬಂದ ಮೇಲೂ ಒಂದು ಸಂಗತಿ ಇದೆ. ನಿಮ್ಮಲ್ಲಿ ಇನ್ನೊಂದು ಬೆಕ್ಕಿದ್ದರೆ, ಕರಿಯ ಅನ್ನೋಣ, ಅದು ಜೊತೆಯಲ್ಲೇ ಬೆಳೆದ ಚಿನ್ನುವನ್ನು ಕಂಡು ಬುಸುಗುಟ್ಟಬಹುದು. ಮುಖ ಚಿನ್ನುವಿನದೇ ಇದ್ದರೂ ವಾಸನೆ ಆಸ್ಪತ್ರೆಯದು, ಕರಿಯ ನಂಬುವುದು ವಾಸನೆಯನ್ನು. ಬೈಯಬೇಡಿ, ಬಲವಂತವಾಗಿ ಸೇರಿಸಲೂ ಬೇಡಿ. ಅರ್ಧ ದಿನವೋ ಒಂದು ದಿನವೋ ಚಿನ್ನುವನ್ನು ಬೇರೆ ಕೋಣೆಯಲ್ಲಿಟ್ಟು, ಇಬ್ಬರೂ ಮಲಗುತ್ತಿದ್ದ ಹಾಸನ್ನೇ ಅಲ್ಲಿ ಹಾಸಿ. ಮುಚ್ಚಿದ ಬಾಗಿಲಿನ ಈ ಕಡೆ ಒಂದು, ಆ ಕಡೆ ಒಂದು ತಟ್ಟೆ ಇಟ್ಟು ಊಟ ಹಾಕಿ. ಬುಸುಗುಟ್ಟುವುದು ನಿಂತ ಮೇಲೆ ಬಾಗಿಲು ತೆಗೆದರಾಯಿತು.